ಆಡು-ಕುರಿಗಳ ರಕ್ತನಂಜು: ಕರಾವಳಿಯ ಸಾಕಣೆದಾರರು ತಿಳಿದಿರಬೇಕಾದುದು

ಉಡುಪಿ ಜಿಲ್ಲೆಯಲ್ಲಿ ಕುರಿ ಸಾಕುವವರು ವಿರಳ. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದ ತೇವ ಆರದ ಈ ಸೀಮೆಯಲ್ಲಿ ತುಪ್ಪಟ ಹೊತ್ತ ಪ್ರಾಣಿ ಬಾಳುವುದು ಕಷ್ಟವಾದ್ದರಿಂದ, ಕಾಪುವಿನ ಕಡಲ ಬದಿಯಿಂದ ಕಾರ್ಕಳದ ಘಟ್ಟದ ತಪ್ಪಲಿನವರೆಗೆ ಹಟ್ಟಿಗಳಲ್ಲಿ ಕಾಣಸಿಗುವುದು ಹೆಚ್ಚಾಗಿ ಆಡುಗಳೇ. ಕುರಿಗಳು ಬಯಲುಸೀಮೆಯ ಸಂತೆಗಳಿಂದ ಲಾರಿಯೇರಿ, ಘಟ್ಟವಿಳಿದು, ಹಬ್ಬಕ್ಕೂ ಮಾಂಸದ ವ್ಯಾಪಾರಕ್ಕೂ ಬರುತ್ತವೆ. ಪಶುವೈದ್ಯಶಾಸ್ತ್ರವು ಇವೆರಡನ್ನೂ ಸಣ್ಣ ಮೆಲುಕುಪ್ರಾಣಿಗಳು ಎಂಬ ಒಂದೇ ಗುಂಪಿನಲ್ಲಿರಿಸಿದೆ, ಏಕೆಂದರೆ ಇವುಗಳ ಜೀರ್ಣಾಂಗದ ರಚನೆ, ತಗಲುವ ರೋಗಗಳು, ಹಾಕಿಸಬೇಕಾದ ಲಸಿಕೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಮಳೆಗಾಲದಲ್ಲಿ ಸಂಜೆ ಸೊಪ್ಪು ತಿಂದು ಮಲಗಿದ ಆಡು ಬೆಳಗ್ಗೆ ಹಟ್ಟಿಯಲ್ಲಿ ಸತ್ತು ಬಿದ್ದಿದ್ದರೆ, ಹಾವು ಕಚ್ಚಿರಬೇಕು ಅಥವಾ ವಿಷದ ಸೊಪ್ಪು ತಿಂದಿರಬೇಕು ಎಂದು ಮನೆಯವರು ಭಾವಿಸುವುದು ರೂಢಿ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗಿ ಉಂಟುಮಾಡುವ ಸೋಂಕಿನ ಸಾಧ್ಯತೆಯನ್ನು ಇಂಥ ಸಾವಿನ ಮುಂದೆ ಮೊದಲು ಯೋಚಿಸಬೇಕು, ಯಾಕೆಂದರೆ ಹಾವಿನ ಕಡಿತ ಒಂದು ಆಡಿಗೆ ಮುಗಿಯುತ್ತದೆ, ರಕ್ತದ ಸೋಂಕು ಉಳಿದ ಆಡುಗಳಿಗೂ ಕೆಲವು ಸಂದರ್ಭಗಳಲ್ಲಿ ಮನೆಯ ಜನರಿಗೂ ತಗಲಬಲ್ಲದು.

ಆರೋಗ್ಯವಂತ ಪ್ರಾಣಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದಿಲ್ಲ. ಗಾಯ, ಹೊಕ್ಕುಳು, ಶ್ವಾಸನಾಳ, ಕರುಳು ಅಥವಾ ಕೆಚ್ಚಲಿನ ಮೂಲಕ ಒಂದಿಷ್ಟು ಒಳಸೇರಿದರೂ ಬಿಳಿ ರಕ್ತಕಣಗಳು, ಗುಲ್ಮ ಮತ್ತು ಯಕೃತ್ತು ಅವನ್ನು ಹಿಡಿದು ನಾಶಮಾಡುತ್ತವೆ. ಹೀಗೆ ಅಲ್ಪಕಾಲ ರಕ್ತದಲ್ಲಿ ಬ್ಯಾಕ್ಟೀರಿಯಾ ಸುಳಿದಾಡುವ ಸ್ಥಿತಿಗೆ ಬ್ಯಾಕ್ಟೀರೀಮಿಯಾ ಎಂದು ಹೆಸರು. ಅವು ಅಲ್ಲೇ ವೃದ್ಧಿಯಾಗಿ, ದೇಹದ ಪ್ರತಿರೋಧವೂ ಹತೋಟಿ ಮೀರಿ, ಅಂಗಾಂಗಗಳು ಹಾನಿಗೊಳ್ಳತೊಡಗಿದಾಗ ಅದು ಸೆಪ್ಟಿಸೀಮಿಯಾ, ಅಂದರೆ ರಕ್ತನಂಜು. ಹಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತುವಿದ್ದು, ಅದು ರಕ್ತದಲ್ಲಿ ಬಿಡುಗಡೆಯಾದೊಡನೆ ಹಳೆಯ ಮಾಡಿನ ಹಂಚಿನ ಸಂದಿಯಿಂದ ನೀರು ಜಿನುಗುವಂತೆ ಕಿರುರಕ್ತನಾಳಗಳ ಗೋಡೆಯಿಂದ ದ್ರವ ಹೊರಗೆ ಸೋರುತ್ತದೆ; ರಕ್ತದೊತ್ತಡ ಕುಸಿಯುತ್ತದೆ, ಒಂದೆಡೆ ಕಿರುನಾಳಗಳೊಳಗೆ ರಕ್ತ ಹೆಪ್ಪುಗಟ್ಟಿದರೆ ಇನ್ನೊಂದೆಡೆ ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಖರ್ಚಾಗಿ ವಸಡು, ಕಣ್ಣಿನ ಒಳರೆಪ್ಪೆ, ಹೃದಯದ ಪೊರೆಗಳ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಗಳು ಮೂಡುತ್ತವೆ. ಈ ಹಂತ ತಲುಪಿದ ಆಡಿಗೆ ಬದುಕುಳಿಯಲು ದಿನಗಳಿಲ್ಲ, ಗಂಟೆಗಳಷ್ಟೇ ಉಳಿದಿರುತ್ತವೆ ಎಂಬುದನ್ನು ಸಾಕಣೆದಾರರು ಮನಗಾಣಬೇಕು.

ಇದಕ್ಕೆ ಹೋಲುವ ಇನ್ನೊಂದು ಸ್ಥಿತಿ ಟಾಕ್ಸೀಮಿಯಾ. ಅದರಲ್ಲಿ ಬ್ಯಾಕ್ಟೀರಿಯಾ ಕರುಳಿನಲ್ಲೇ ಉಳಿದು ಅದರ ವಿಷ ಮಾತ್ರ ರಕ್ತಕ್ಕೆ ಸೇರುತ್ತದೆ. ಹೊಸ ಮಳೆಗೆ ಚಿಗುರಿದ ಎಳೆ ಹುಲ್ಲನ್ನೋ ಮನೆಯಲ್ಲಿ ಉಳಿದ ಅನ್ನ, ಹಿಟ್ಟುಗಳನ್ನೋ ಒಮ್ಮೆಗೇ ಹೆಚ್ಚಾಗಿ ತಿಂದ ಪುಷ್ಟಿಯಾದ ಮರಿಗಳನ್ನು ಕೊಲ್ಲುವ ಕರುಳುಬೇನೆ ಈ ಜಾತಿಯದು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಮಾದರಿ ಇದಕ್ಕೆ ಕಾರಣ. ಕಾರ್ಕಳದ ಕಡೆ ಮರಗೆಣಸಿನ ಹಸಿ ಎಲೆ, ಸಿಪ್ಪೆಗಳಲ್ಲಿರುವ ಸಯನೈಡ್ ಅಂಶದಿಂದ ಆಡು ಸಾಯುವುದೂ ಇಷ್ಟೇ ಹಠಾತ್ತಾಗಿ, ಆದರೆ ಅದರಲ್ಲಿ ಜ್ವರವಿರುವುದಿಲ್ಲ. ಹೊರನೋಟಕ್ಕೆ ಮೂರೂ ಒಂದೇ ಬಗೆಯ ಸಾವುಗಳಾದ್ದರಿಂದ ಸತ್ತ ಪ್ರಾಣಿಯ ಪರೀಕ್ಷೆಯಿಲ್ಲದೆ ಕಾರಣವನ್ನು ಊಹಿಸಿ ನಿಶ್ಚಿಂತರಾಗುವುದು ಅಪಾಯಕರ.

ಮಳೆಯ ಮೊದಲ ವಾರಗಳು

ರಕ್ತನಂಜಿನ ರೋಗಗಳಲ್ಲಿ ಜಾನುವಾರು ಸಾಕುವವರಿಗೆ ಹೆಚ್ಚು ಪರಿಚಿತವಾದುದು ಗಳಲೆ ರೋಗ. ಪಾಸ್ಚುರೆಲ್ಲಾ ಮಲ್ಟೊಸಿಡಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಇದು ದನ, ಎಮ್ಮೆಗಳಲ್ಲಿ ಹೆಚ್ಚು, ಆಡು-ಕುರಿಗಳಲ್ಲಿ ತುಸು ಕಡಿಮೆ. ಈ ಬ್ಯಾಕ್ಟೀರಿಯಾ ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಾಗಿ ಕಾಣುವ ಕೆಲವು ಪ್ರಾಣಿಗಳ ಮೂಗು-ಗಂಟಲಿನ ಒಳಪೊರೆಯಲ್ಲಿ ಅದು ಸದ್ದಿಲ್ಲದೆ ಇದ್ದು, ಬಿಸಿಲು ಹಠಾತ್ತಾಗಿ ತಗ್ಗಿ ಮಳೆ ಹಿಡಿದಾಗ, ಮೇವು ಬದಲಾದಾಗ, ಹಟ್ಟಿಯಲ್ಲಿ ಒತ್ತೊತ್ತಾಗಿ ನಿಲ್ಲಬೇಕಾದಾಗ ಪ್ರಾಣಿಯ ಪ್ರತಿರೋಧ ಕುಗ್ಗುವ ಸಮಯಕ್ಕೆ ಶ್ವಾಸಕೋಶಕ್ಕೂ ರಕ್ತಕ್ಕೂ ಇಳಿಯುತ್ತದೆ. ಇದರ ಹತ್ತಿರದ ಸಂಬಂಧಿಗಳಾದ ಮ್ಯಾನ್‌ಹೈಮಿಯಾ ಹಿಮೊಲಿಟಿಕಾ ಶ್ವಾಸಕೋಶದ ಉರಿಯೂತವನ್ನೂ, ಬೈಬರ್‌ಸ್ಟೈನಿಯಾ ಟ್ರೆಹಲೋಸಿ ಬೆಳೆಯುವ ಪ್ರಾಯದ ಕುರಿಮರಿಗಳಲ್ಲಿ ಲಕ್ಷಣ ತೋರುವುದರೊಳಗೇ ಕೊಲ್ಲುವ ರಕ್ತನಂಜನ್ನೂ ಉಂಟುಮಾಡುತ್ತವೆ.

ಘಟ್ಟದ ಮೇಲಿನಿಂದ ಬರುವ ಕುರಿಗಳ ವಿಷಯದಲ್ಲಿ ಈ ಗುಂಪಿನ ಬ್ಯಾಕ್ಟೀರಿಯಾಗಳೇ ಮುಖ್ಯ ಆತಂಕ. ಒಣ ಹವೆಯಲ್ಲಿ ಬೆಳೆದ ಕುರಿ ರಾತ್ರಿಯಿಡೀ ಲಾರಿಯಲ್ಲಿ ನೀರು-ಮೇವಿಲ್ಲದೆ ನಿಂತು, ಬೇರೆ ಬೇರೆ ಹಿಂಡುಗಳ ಪ್ರಾಣಿಗಳೊಡನೆ ಉಸಿರಿಗುಸಿರು ತಾಗಿಸಿಕೊಂಡು, ಮರುದಿನ ಕರಾವಳಿಯ ಸೆಕೆಗೋ ಜಡಿಮಳೆಗೋ ಇಳಿದಾಗ ಅದರ ದೇಹ ಸೋತಿರುತ್ತದೆ. ಸಾಗಾಟ ಜ್ವರ ಎಂದು ಕರೆಯುವ ಕಾಯಿಲೆ ಕಾಣಿಸಿಕೊಳ್ಳುವುದು ಮುಂದಿನ ಕೆಲವು ದಿನಗಳಲ್ಲಿ. ಹೀಗೆ ತಂದ ಪ್ರಾಣಿಯನ್ನು ಆ ದಿನವೇ ಮನೆಯ ಆಡುಗಳ ಜೊತೆ ಕಟ್ಟುವುದು ಬಹಳ ಕಡೆ ಕಾಣುವ ತಪ್ಪು. ಕನಿಷ್ಠ ಮೂರು ವಾರ ಬೇರೆ ಚಪ್ಪರದಡಿ, ಬೇರೆ ಬಕೆಟ್ಟಿನ ನೀರು ಕೊಟ್ಟು, ದಿನಾ ಎರಡು ಹೊತ್ತು ಗಮನಿಸಿ, ಆಮೇಲೆ ಹಿಂಡಿಗೆ ಸೇರಿಸಬೇಕು.

ಲಸಿಕೆಗಳ ಕಾಲವೂ ಮಳೆಯ ಲೆಕ್ಕದಲ್ಲೇ ಇದೆ. ಗಳಲೆ ರೋಗದ ಲಸಿಕೆಯನ್ನು ಆರು ತಿಂಗಳು ತುಂಬಿದ ಮರಿಗಳಿಂದ ಮೊದಲ್ಗೊಂಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಕರುಳುಬೇನೆಯ ಲಸಿಕೆಯನ್ನು ನಾಲ್ಕು ತಿಂಗಳ ಪ್ರಾಯದಲ್ಲಿ ಮೊದಲು ಕೊಟ್ಟು, ಎರಡು-ಮೂರು ವಾರಗಳ ಬಳಿಕ ಮತ್ತೊಮ್ಮೆ ಕೊಟ್ಟು, ಆಮೇಲೆ ಪ್ರತಿವರ್ಷ ಮುಂದುವರಿಸಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಇಂಥ ಲಸಿಕೆಗಳು ತಯಾರಾಗುತ್ತವೆ. ಲಸಿಕೆ ಕೆಲಸ ಮಾಡಲು ಎರಡು-ಮೂರು ವಾರ ಬೇಕಾದ್ದರಿಂದ ಉಡುಪಿ ಜಿಲ್ಲೆಯ ಮಟ್ಟಿಗೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಈ ಕೆಲಸ ಮುಗಿಯಬೇಕು. ಹಿಂಡಿನಲ್ಲಿ ಸಾವು ಶುರುವಾದ ಮೇಲೆ ಜುಲೈಯಲ್ಲಿ ಲಸಿಕೆಗೆ ಓಡಾಡಿದರೆ ಅರ್ಧ ಪ್ರಯೋಜನವೂ ಸಿಗದು.

ಮರಿಯ ಮೊದಲ ಆರು ಗಂಟೆ

ನವಜಾತ ಮರಿಗಳ ರಕ್ತನಂಜು ಬೇರೆಯೇ ಸ್ವಭಾವದ್ದು, ಮತ್ತು ಅದನ್ನು ತಡೆಯಲು ಖರ್ಚೂ ಇಲ್ಲ. ಆಡು-ಕುರಿಗಳ ಮಾಸುಚೀಲದ ರಚನೆಯಿಂದಾಗಿ ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಪ್ರೋಟೀನುಗಳು ಗರ್ಭದಲ್ಲಿರುವ ಮರಿಗೆ ದಾಟುವುದೇ ಇಲ್ಲ. ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರಕ್ಷಣೆ ಶೂನ್ಯಕ್ಕೆ ಹತ್ತಿರ. ಆ ರಕ್ಷಣೆ ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಗಿಣ್ಣಿನಲ್ಲಿರುವ ಆ ಪ್ರೋಟೀನುಗಳನ್ನು ಮರಿಯ ಕರುಳು ಇಡಿಯಾಗಿ ಹೀರಿಕೊಳ್ಳಬಲ್ಲದು, ಆದರೆ ಈ ಶಕ್ತಿ ಗಂಟೆ ಗಂಟೆಗೂ ಕುಗ್ಗುತ್ತ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಆದ್ದರಿಂದ ಮರಿಯ ತೂಕದ ಹತ್ತನೇ ಒಂದು ಪಾಲಿನಷ್ಟು ಗಿಣ್ಣು ಮೊದಲ 24 ಗಂಟೆಯೊಳಗೆ, ಅದರಲ್ಲಿ ಅರ್ಧ ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಎರಡು ಕಿಲೋ ತೂಗುವ ಮರಿಗೆ ಇದು ಸುಮಾರು 200 ಮಿಲಿಲೀಟರ್. ಅವಳಿ ಮರಿಗಳಲ್ಲಿ ಬಲಹೀನವಾದುದು ಇಷ್ಟು ಕುಡಿದಿದೆಯೇ ಎಂದು ನೋಡಿ, ಇಲ್ಲವಾದರೆ ಹಾಲು ಕರೆದು ಬಾಟಲಿಯಲ್ಲಿ ಕುಡಿಸಬೇಕು. ಮೊದಲ ಗಿಣ್ಣನ್ನು ಮನೆಯವರು ಬೇಯಿಸಿ ತಿನ್ನುವ ಪದ್ಧತಿಯಿರುವಲ್ಲಿ ಮರಿಯ ಪಾಲು ಮುಗಿದ ಬಳಿಕ ಉಳಿದುದನ್ನು ಮಾತ್ರ ತೆಗೆಯುವುದು ನ್ಯಾಯ.

ಹೊಕ್ಕುಳಬಳ್ಳಿ ಇನ್ನೊಂದು ದಾರಿ. ಹಸಿಯಾದ ಬಳ್ಳಿ ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಸೇರಿರುತ್ತದೆ. ಒದ್ದೆ ನೆಲದ ಸಗಣಿ ಗಂಜಳ ಅದಕ್ಕೆ ತಾಗಿದರೆ ಎಶ್ಚೆರಿಶಿಯಾ ಕೋಲೈ, ಸ್ಟ್ರೆಪ್ಟೊಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳು ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೊಣಕಾಲಿನ ಗಂಟುಗಳಿಗೆ ತಲುಪುತ್ತವೆ. ಹುಟ್ಟಿದ ಹದಿನೈದು ನಿಮಿಷದೊಳಗೆ ಬಳ್ಳಿಯನ್ನು ಟಿಂಚರ್ ಅಯೋಡಿನ್ ತುಂಬಿದ ಸಣ್ಣ ಲೋಟದಲ್ಲಿ ಬುಡದವರೆಗೆ ಅದ್ದಿ, ಸಂಜೆ ಮತ್ತೊಮ್ಮೆ ಅದ್ದಬೇಕು. ಹತ್ತಿಯಲ್ಲಿ ಒರೆಸಿ ಬಿಟ್ಟರೆ ಸಾಲದು. ಒಂದು ವಾರದ ಮರಿ ಕುಂಟುತ್ತಿದ್ದು ಗಂಟು ಬೆಚ್ಚಗೆ ಊದಿಕೊಂಡಿದ್ದರೆ ಅದು ಏಟು ಬಿದ್ದದ್ದೆಂದು ಎಣ್ಣೆ ತಿಕ್ಕುವ ಬದಲು ಹೊಕ್ಕುಳನ್ನು ಮುಟ್ಟಿ ನೋಡಿ, ವೈದ್ಯರನ್ನು ಕರೆಯಬೇಕು.

ಉಣುಗು ತರುವ ಸೋಂಕು

ಎಲ್ಲ ರಕ್ತದ ಸೋಂಕುಗಳೂ ಒಂದು ರಾತ್ರಿಯಲ್ಲಿ ಕೊಲ್ಲುವಂಥವಲ್ಲ. ಅನಾಪ್ಲಾಸ್ಮಾ ಓವಿಸ್ ಎಂಬ ಅತಿಸೂಕ್ಷ್ಮ ಬ್ಯಾಕ್ಟೀರಿಯಾ ಆಡು-ಕುರಿಗಳ ಕೆಂಪು ರಕ್ತಕಣದ ಒಳಗೇ ವಾಸಿಸುತ್ತದೆ. ಮೈಕೊಪ್ಲಾಸ್ಮಾ ಓವಿಸ್ ಎಂಬ ಇನ್ನೊಂದು ಆ ಕಣಗಳ ಹೊರಮೈಗೆ ಅಂಟಿಕೊಳ್ಳುತ್ತದೆ. ಅನಾಪ್ಲಾಸ್ಮಾವನ್ನು ಮುಖ್ಯವಾಗಿ ಹರಡುವುದು ಉಣುಗು, ಆದರೆ ಒಂದೇ ಸೂಜಿಯಿಂದ ಹಲವು ಪ್ರಾಣಿಗಳಿಗೆ ಚುಚ್ಚುವುದು, ಕಿವಿಗೆ ಓಲೆ ಹಾಕುವ ಉಪಕರಣವನ್ನು ತೊಳೆಯದೆ ಬಳಸುವುದು ಇವುಗಳಿಂದಲೂ ಎರಡೂ ಸೋಂಕುಗಳು ದಾಟುತ್ತವೆ. ಸೋಂಕಿತ ಆಡು ಮೆಲ್ಲನೆ ಸೊರಗುತ್ತದೆ, ಗುಡ್ಡಕ್ಕೆ ಮೇಯಲು ಬಿಟ್ಟರೆ ಹಿಂದುಳಿಯುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ. ಬಿಳಿಚಿದ ರೆಪ್ಪೆಗೆ ಹೆಚ್ಚು ಸಾಮಾನ್ಯ ಕಾರಣ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳುಗಳಾದ್ದರಿಂದ ಮೊದಲು ಸಗಣಿ ಪರೀಕ್ಷೆ ನಡೆಯಬೇಕು. ಜಂತಿನ ಔಷಧಿ ಕೊಟ್ಟ ಮೇಲೂ ಬಣ್ಣ ಮರಳದಿದ್ದರೆ ಕಿವಿಯ ತುದಿಯಿಂದ ತೆಗೆದ ಹನಿ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗೆ ಇವು ಬಗ್ಗುತ್ತವೆ.

ಇಲಿ ಜ್ವರ ಉಂಟುಮಾಡುವ ಲೆಪ್ಟೊಸ್ಪೈರಾ ಕೂಡ ರಕ್ತದ ಮೂಲಕವೇ ಮೂತ್ರಪಿಂಡ ಸೇರುವ ಬ್ಯಾಕ್ಟೀರಿಯಾ. ಆಡುಗಳಲ್ಲಿ ಅದು ಕಂದು ಹಾಕುವುದು, ಮರಿಗಳಲ್ಲಿ ಕಾಮಾಲೆ, ಕೆಂಪು ಮೂತ್ರ ಇವುಗಳಿಂದ ತಿಳಿಯುತ್ತದೆ. ಮೂತ್ರ ಬೆರೆತ ನೀರಿನಿಂದ ಜನರಿಗೂ ತಗಲುತ್ತದೆ.

ಕೆಸರಿನಲ್ಲಿರುವ ಬ್ಯಾಕ್ಟೀರಿಯಾ

ಉಡುಪಿ-ಮಣಿಪಾಲದ ನೆಲಕ್ಕೆ ಸಂಬಂಧಿಸಿದಂತೆ ಎಲ್ಲಕ್ಕಿಂತ ವಿವರವಾಗಿ ಅರಿಯಬೇಕಾದ ರಕ್ತದ ಸೋಂಕು ಮೆಲಿಯಾಯ್ಡೋಸಿಸ್. ಬರ್ಕೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗವನ್ನು ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಲ್ಲಿ ಗುರುತಿಸಿ 1912ರಲ್ಲಿ ವರದಿ ಮಾಡಿದರು. ಈ ಬ್ಯಾಕ್ಟೀರಿಯಾಕ್ಕೆ ಪ್ರಾಣಿಯ ದೇಹ ಅನಿವಾರ್ಯವಲ್ಲ. ಅದರ ಸಹಜ ಮನೆ ಉಷ್ಣವಲಯದ ಒದ್ದೆ ಮಣ್ಣು. ಬೇಸಗೆಯಲ್ಲಿ ಮಣ್ಣಿನ ಕೆಳಪದರದ ತೇವದಲ್ಲಿ ಉಳಿದು, ಮಳೆಗೆ ನೆಲದ ನೀರು ಮೇಲೇರಿದಾಗ ಅದರೊಡನೆ ಮೇಲ್ಮೈಗೆ ಬರುತ್ತದೆ. ಮಳೆನೀರು ನಿಲ್ಲುವ ಬೈಲುಗದ್ದೆ, ಕೆಂಪುಕಲ್ಲಿನ ಮೇಲಿನ ತೆಳು ಮಣ್ಣು, ಏಣೆಲಿನ ನೇಜಿ ನಾಟಿಯಾಗುವ ಕೆಸರು, ಇವೆಲ್ಲ ಅದಕ್ಕೆ ಹಿತವಾದ ತಾಣಗಳು.

ಮಣಿಪಾಲದಲ್ಲಿ 1953ರಲ್ಲಿ ಸ್ಥಾಪನೆಯಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಈ ರೋಗದ ಪತ್ತೆ ಮತ್ತು ಅಧ್ಯಯನದಲ್ಲಿ ದೇಶದ ಪ್ರಮುಖ ಕೇಂದ್ರಗಳಲ್ಲೊಂದು. ಅಲ್ಲಿಗೆ ಬರುವ ಮೆಲಿಯಾಯ್ಡೋಸಿಸ್ ರೋಗಿಗಳಲ್ಲಿ ಹೆಚ್ಚಿನವರು ಮಳೆಗಾಲದಲ್ಲಿ ಜ್ವರ ಹಿಡಿದು ಬಂದವರು, ಮಣ್ಣು-ನೀರಿನ ಕೆಲಸ ಮಾಡುವವರು ಮತ್ತು ಸಕ್ಕರೆ ಕಾಯಿಲೆ ಇರುವವರು. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ತಗಲಿ 89,000 ಮಂದಿ ಸಾಯುತ್ತಾರೆಂದೂ ಅದರಲ್ಲಿ ದಕ್ಷಿಣ ಏಷ್ಯಾದ ಪಾಲು ದೊಡ್ಡದೆಂದೂ 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹೀಗಿದ್ದೂ ಆಸ್ಪತ್ರೆಯ ಹೊರಗೆ, ಹಟ್ಟಿಯ ಬಳಿ, ಈ ರೋಗದ ಹೆಸರು ಕೇಳಿಬರುವುದು ಅಪರೂಪ. ಅದು ಸರಿಯಲ್ಲ, ಏಕೆಂದರೆ ಸಾಕುಪ್ರಾಣಿಗಳಲ್ಲಿ ಇದಕ್ಕೆ ಬೇಗ ಬಲಿಯಾಗುವವು ಆಡು, ಕುರಿ ಮತ್ತು ಹಂದಿಗಳೇ. ಆಸ್ಟ್ರೇಲಿಯದಲ್ಲಿ ಈ ರೋಗ ಇದೆಯೆಂದು ಮೊದಲು ಗೊತ್ತಾದುದು 1949ರಲ್ಲಿ, ಕ್ವೀನ್ಸ್‌ಲ್ಯಾಂಡಿನ ವಿಂಟನ್ ಎಂಬಲ್ಲಿ ಕುರಿಗಳ ಹಿಂಡು ಸಾಯತೊಡಗಿದಾಗ; ಅಲ್ಲಿ ಮನುಷ್ಯರ ಪ್ರಕರಣ ಬೆಳಕಿಗೆ ಬಂದದ್ದು ಅನಂತರ. 1957ರಲ್ಲಿ ಕೆರಿಬಿಯನ್ ಸಮುದ್ರದ ಅರೂಬಾ ದ್ವೀಪದಿಂದ ಕುರಿ, ಆಡು, ಹಂದಿಗಳಲ್ಲಿ ಇದೇ ಸೋಂಕಿನ ವರದಿ ಬಂತು. ದನ, ಎಮ್ಮೆಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಕಂಬಳದ ಕೋಣ ಅದೇ ಕೆಸರಿನಲ್ಲಿ ಓಡಿ ಆರೋಗ್ಯವಾಗಿದೆ ಎಂಬ ಕಾರಣಕ್ಕೆ ಆ ಕೆಸರು ಆಡಿಗೂ ನಿರಪಾಯಕರ ಎಂದು ತೀರ್ಮಾನಿಸುವಂತಿಲ್ಲ.

ಕಾಲಿನ ಗೀರುಗಾಯ, ಕಲುಷಿತ ನೀರಿನ ಸೇವನೆ, ಬಿರುಮಳೆಯಲ್ಲಿ ಗಾಳಿಗೆ ಚಿಮ್ಮಿದ ಹನಿಗಳನ್ನು ಉಸಿರಾಡುವುದು, ಈ ಮೂರು ದಾರಿಗಳಿಂದ ಬ್ಯಾಕ್ಟೀರಿಯಾ ಒಳಹೋಗುತ್ತದೆ. ರಕ್ತದ ಮೂಲಕ ಸಾಗಿ ಶ್ವಾಸಕೋಶ, ಗುಲ್ಮ, ಯಕೃತ್ತು, ಗಂಟು, ಕೆಚ್ಚಲುಗಳಲ್ಲಿ ನೆಲೆಸಿ ಅಲ್ಲಲ್ಲಿ ಕೀವಿನ ಕುರುಗಳನ್ನು ಕಟ್ಟುವುದು ಅದರ ಗುಣ. ತೀವ್ರ ರೂಪದಲ್ಲಿ ಆಡು ಕೆಲವೇ ದಿನಗಳಲ್ಲಿ ಸಾಯುತ್ತದೆ; ದೀರ್ಘ ರೂಪದಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ, ಕೆಮ್ಮು, ಕುಂಟು, ತಿಂದರೂ ಮೈಗೂಡದಿರುವುದು, ಕೆಚ್ಚಲಿನಲ್ಲಿ ಗಟ್ಟಿಯಾದ ಗಂಟುಗಳು, ಹೋತದಲ್ಲಿ ವೃಷಣದ ಊತ ಮುಂತಾಗಿ ಹಲವು ವೇಷ ತೊಡುತ್ತದೆ. ಆಡುಗಳಲ್ಲಿ ಕತ್ತಿನ ಬಳಿ ಮೆಲ್ಲಗೆ ಬೆಳೆದು ಒಡೆಯುವ ಗಡ್ಡೆಗಳು ಕೊರಿನೆಬ್ಯಾಕ್ಟೀರಿಯಂ ಎಂಬ ಬೇರೆ ಬ್ಯಾಕ್ಟೀರಿಯಾದಿಂದ ಬರುವುದು ಹೆಚ್ಚು. ಕಣ್ಣಳತೆಯಲ್ಲಿ ಇದು ಅದು ಎಂದು ಬೇರ್ಪಡಿಸಲಾಗದ ಕಾರಣ ಯಾವ ಗಡ್ಡೆಯನ್ನೂ ಬರಿಗೈಯಲ್ಲಿ ಹಿಂಡಿ ಕೀವನ್ನು ಹಟ್ಟಿಯ ನೆಲಕ್ಕೆ ಬಿಡಬಾರದು.

ಈ ಬ್ಯಾಕ್ಟೀರಿಯಾದ ಅತಿ ಕೆಟ್ಟ ಲಕ್ಷಣ ಅದರ ಔಷಧಿ ನಿರೋಧ. ಪೆನಿಸಿಲಿನ್, ಆಂಪಿಸಿಲಿನ್, ಸಾಮಾನ್ಯವಾಗಿ ಜೆಂಟಾಮೈಸಿನ್, ಹೀಗೆ ಹಳ್ಳಿಯ ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಔಷಧಿಗಳಿಗೆ ಅದು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಮನುಷ್ಯರಲ್ಲಿ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಎಂಬ ಚುಚ್ಚುಮದ್ದನ್ನು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಕೊಟ್ಟು, ಆಮೇಲೆ ಕೋಟ್ರೈಮಾಕ್ಸಜೋಲ್ ಗುಳಿಗೆಯನ್ನು ಮೂರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ. ಆಡಿಗೆ ಇಷ್ಟು ಚಿಕಿತ್ಸೆ ಕೊಡುವುದು ಕಾರ್ಯಸಾಧ್ಯವಲ್ಲ, ಕೊಟ್ಟರೂ ಗುಣವಾದಂತೆ ಕಂಡ ಪ್ರಾಣಿ ಬ್ಯಾಕ್ಟೀರಿಯಾವನ್ನು ಹೊರಚೆಲ್ಲುತ್ತಿರಬಹುದು. ರೋಗ ಖಚಿತವಾದ ಪ್ರಾಣಿಯನ್ನು ಪಶುವೈದ್ಯರ ಮೂಲಕ ದಯಾಮರಣಕ್ಕೆ ಒಪ್ಪಿಸುವುದೇ ಒಳ್ಳೆಯದು ಎಂಬ ಸಲಹೆ ಅದರಿಂದ ಬಂದಿದೆ. ಅದರ ಹಾಲನ್ನೂ ಮಾಂಸವನ್ನೂ ಬಳಸಬಾರದು. ಲಸಿಕೆ ಇಲ್ಲ. ಹಾಗಾಗಿ ತಡೆಗಟ್ಟುವುದೊಂದೇ ದಾರಿ, ಮತ್ತು ಅದು ಕರಾವಳಿಯ ಆಡು ಸಾಕಣೆಯ ಹಳೆಯ ಪದ್ಧತಿಯೊಂದರಲ್ಲೇ ಇದೆ: ನೆಲದಿಂದ ಮೂರು-ನಾಲ್ಕು ಅಡಿ ಎತ್ತರಕ್ಕೆ ಅಡಿಕೆ ದಬ್ಬೆ ಹಾಸಿ, ಹಿಕ್ಕೆ ಮೂತ್ರಗಳು ಸಂದಿಯಿಂದ ಕೆಳಗಿಳಿಯುವಂತೆ ಕಟ್ಟಿದ ಗೂಡು. ದಬ್ಬೆಗಳ ನಡುವಿನ ಸಂದಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಇದ್ದರೆ ಹಿಕ್ಕೆ ಬೀಳುತ್ತದೆ, ಮರಿಯ ಗೊರಸು ಸಿಕ್ಕಿಕೊಳ್ಳುವುದಿಲ್ಲ. ದಬ್ಬೆಯ ಸಿಬಿರು ಏಳದಂತೆ ವರ್ಷಕ್ಕೊಮ್ಮೆ ಕೆತ್ತಿ ನಯಮಾಡಬೇಕು, ಯಾಕೆಂದರೆ ಕಾಲಿನ ಗಾಯವೇ ಸೋಂಕಿನ ಬಾಗಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತ ಗದ್ದೆ, ತೋಡಿನ ಬದಿಗಳಲ್ಲಿ ಮೇಯಿಸದೆ ಹಲಸು, ದಾಸವಾಳ ಮುಂತಾದ ಸೊಪ್ಪನ್ನು ಕಡಿದು ತಂದು ಎತ್ತರದಲ್ಲಿ ಕಟ್ಟಿ ತಿನ್ನಿಸುವುದು, ಕುಡಿಯಲು ಕ್ಲೋರಿನ್ ಹಾಕಿದ ಬಾವಿನೀರು ಕೊಡುವುದು ಈ ಪದ್ಧತಿಗೆ ಸೇರಿಸಬೇಕಾದ ಎರಡು ಸಂಗತಿಗಳು. ಕಾಪು ತಾಲೂಕಿನ ಉದ್ಯಾವರ, ಮಟ್ಟು ಮುಂತಾದ ತಗ್ಗುಪ್ರದೇಶಗಳಲ್ಲಿ ನೆರೆ ಇಳಿದ ಬಳಿಕದ ವಾರಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ಥರ್ಮಾಮೀಟರು, ವಸಡು, ಫೋನು

ರಕ್ತನಂಜಿನ ಮೊದಲ ಸೂಚನೆ ಜ್ವರ, ಮತ್ತು ಅದನ್ನು ಕಿವಿ ಮುಟ್ಟಿ ಅಳೆಯಲಾಗದು. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರೊಂದನ್ನು ಆಡುಗಳಿಗೆಂದೇ ಮೀಸಲಿಟ್ಟು, ತುದಿಗೆ ತುಸು ತೆಂಗಿನೆಣ್ಣೆ ಸವರಿ, ಗುದದ್ವಾರದೊಳಗೆ ಎರಡು ಇಂಚು ತೂರಿಸಿ, ತುದಿ ಒಳಗೋಡೆಗೆ ತಾಗುವಂತೆ ಓರೆಯಾಗಿ ಹಿಡಿಯಬೇಕು. ಸಗಣಿಯ ನಡುವೆ ನಿಂತರೆ ಅಳತೆ ತಪ್ಪುತ್ತದೆ. ಬೆಳಗ್ಗೆ ನೆರಳಿನಲ್ಲಿ ಅಳೆದಾಗ ಆಡಿನ ಸಹಜ ಉಷ್ಣತೆ 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್, ಕುರಿಯದು 102ರಿಂದ 104. ಆಡಿನಲ್ಲಿ 104.5 ದಾಟಿದರೆ ಅದೇ ದಿನ ವೈದ್ಯರು ನೋಡಬೇಕು. ನೆನ್ನೆ 106 ಇದ್ದುದು ಇಂದು 100ಕ್ಕೆ ಇಳಿದು ಆಡು ಮಂಕಾಗಿ ಮಲಗಿದ್ದರೆ ಅದು ಜ್ವರ ಬಿಟ್ಟ ಲಕ್ಷಣವಲ್ಲ, ರಕ್ತ ಸಂಚಾರ ಕುಸಿದು ದೇಹ ತಣ್ಣಗಾಗುತ್ತಿರುವ ಲಕ್ಷಣ. ತುಟಿಯೆತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ತಡವಾದರೆ, ಅಥವಾ ವಸಡು ಮಬ್ಬುಗೆಂಪಾಗಿ ಚುಕ್ಕೆಗಳಿಂದ ತುಂಬಿದ್ದರೆ, ಕಾಯುವ ಸಮಯವಿಲ್ಲ. ಇಂಥ ಆಡಿಗೆ ಗೊಟ್ಟದಲ್ಲಿ ಕಷಾಯ, ಗಂಜಿ ಹೊಯ್ಯುವುದು ಅದನ್ನು ಕೊಂದಂತೆಯೇ, ಏಕೆಂದರೆ ನುಂಗುವ ಶಕ್ತಿ ಇಲ್ಲದ ಪ್ರಾಣಿಯ ಶ್ವಾಸಕೋಶಕ್ಕೆ ಅದು ಹೋಗುತ್ತದೆ.

ರಾಜ್ಯದಲ್ಲಿ ಪಶು ಚಿಕಿತ್ಸೆಗಾಗಿ ಮನೆ ಬಾಗಿಲಿಗೆ ಬರುವ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ವೈದ್ಯರು ಬರುವ ಮೊದಲು ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಚುಚ್ಚುವುದು ಈ ಭಾಗದ ಸಾಕಣೆಯಲ್ಲಿ ಬಿಡಲೇಬೇಕಾದ ಅಭ್ಯಾಸ. ಒಂದು ಡೋಸ್ ಒಳಹೋದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಬೆಳೆಯದೇ ಇರಬಹುದು, ಆಗ ರೋಗದ ಹೆಸರೇ ತಿಳಿಯದೆ ಉಳಿದ ಆಡುಗಳಿಗೆ ಏನು ಮಾಡಬೇಕೆಂಬುದು ಕುರುಡು ಊಹೆಯಾಗುತ್ತದೆ. ಕತ್ತಿನ ರಕ್ತನಾಳದಿಂದ, ಕೂದಲು ಬೋಳಿಸಿ ಸ್ಪಿರಿಟ್ ಒರೆಸಿದ ಜಾಗದಿಂದ, ರಕ್ತ ತೆಗೆದು ಆ ಬಳಿಕವೇ ಔಷಧಿ ಆರಂಭಿಸುವಂತೆ ಸಾಕಣೆದಾರರೇ ವೈದ್ಯರನ್ನು ಕೇಳಿಕೊಳ್ಳಬೇಕು. ಮಾದರಿಯನ್ನು ಹೆಬ್ಬಾಳದ ಸಂಸ್ಥೆಗೋ, ಘಟ್ಟದ ಆಚೆಗಿರುವ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕಳುಹಿಸುವಾಗ ಕೀವಿನ ಗಡ್ಡೆಗಳಿದ್ದವೇ, ಮೇಯುವ ಜಾಗದಲ್ಲಿ ನೀರು ನಿಂತಿತ್ತೇ ಎಂಬ ವಿವರಗಳೂ ಜೊತೆಗಿರಬೇಕು; ಮೆಲಿಯಾಯ್ಡೋಸಿಸ್ ಶಂಕೆಯಿದೆ ಎಂದು ಮೊದಲೇ ಹೇಳದಿದ್ದರೆ ಅದರ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ಬೆರೆತ ಕಸವೆಂದು ಬದಿಗಿಡುವ ಸಂಭವವಿದೆ. ಔಷಧಿ ಕೊಟ್ಟ ಆಡಿನ ಹಾಲು, ಮಾಂಸಗಳನ್ನು ವೈದ್ಯರು ಹೇಳಿದಷ್ಟು ದಿನ ಉಪಯೋಗಿಸಬಾರದು.

ಸತ್ತ ಪ್ರಾಣಿಯ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದು, ಹೊಟ್ಟೆ ಬೇಗನೆ ಉಬ್ಬಿ, ಕಾಲುಗಳು ಸರಿಯಾಗಿ ಸೆಟೆಯದೆ ಇದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ರೋಗದ ಶಂಕೆಗೆ ಸಾಕು. ಕುರಿಗಳು ಈ ರಕ್ತಸ್ರಾವವೂ ಇಲ್ಲದೆ ಸಾಯುವುದುಂಟು. ಕುರಿ ಮತ್ತು ಈ ರೋಗದ ನಂಟು ವೈದ್ಯಚರಿತ್ರೆಯಲ್ಲಿ ದೊಡ್ಡದು: ರಾಬರ್ಟ್ ಕಾಖ್ 1876ರಲ್ಲಿ ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಒಂದು ನಿರ್ದಿಷ್ಟ ರೋಗಕ್ಕೆ ಕಾರಣವೆಂದು ತೋರಿಸಿಕೊಟ್ಟದ್ದು ಆಂಥ್ರಾಕ್ಸಿನ ಮೇಲೆ, ಲೂಯಿ ಪಾಸ್ಚರ್ 1881ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಜನರೆದುರು ಲಸಿಕೆಯ ಬಲವನ್ನು ಸಾಬೀತುಪಡಿಸಿದ್ದು ಮುಖ್ಯವಾಗಿ ಕುರಿಗಳ ಮೇಲೆ. ಈ ಬ್ಯಾಕ್ಟೀರಿಯಾ ಗಾಳಿ ತಾಗಿದೊಡನೆ ಬೀಜಕಣಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದಾದ್ದರಿಂದ ಅಂಥ ಶವವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಹಳ್ಳಕ್ಕೋ ಹಾಡಿಗೋ ಎಸೆಯಬಾರದು. ಪಶುವೈದ್ಯರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಲೇಪಿಸಿ, ಮೆಥಿಲೀನ್ ನೀಲಿ ಬಣ್ಣ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಇದು ವರದಿ ಮಾಡಲೇಬೇಕಾದ ರೋಗ. ಗ್ರಾಮ ಪಂಚಾಯತಿಗೋ ಪಶು ಆಸ್ಪತ್ರೆಗೋ ತಿಳಿಸುವುದು ಮಾಲೀಕರ ಕಾನೂನುಬದ್ಧ ಹೊಣೆ. ಶವವನ್ನು ಸುಡುವುದು ಉತ್ತಮ, ಇಲ್ಲವೇ ವೈದ್ಯರು ತೋರಿಸಿದ ಎತ್ತರದ ಜಾಗದಲ್ಲಿ ಆರು ಅಡಿಗೆ ಕಡಿಮೆಯಿಲ್ಲದ ಗುಂಡಿ ತೋಡಿ ಹೂಳಬೇಕು. ಕಾಪುವಿನ ಮರಳುನೆಲದಲ್ಲಿ ಮಳೆಗಾಲಕ್ಕೆ ಮೂರು ಅಡಿಯಲ್ಲೇ ನೀರು ಕಾಣುವ ಮತ್ತು ಮನೆಗೊಂದು ಬಾವಿಯಿರುವ ಕಡೆ ಹಿತ್ತಿಲಿನಲ್ಲಿ ಹೂಳುವುದೆಂದರೆ ಬಾವಿಗೇ ಸೋಂಕು ಇಳಿಸಿದಂತೆ. ಸಾಯುತ್ತಿರುವ ಆಡನ್ನು ನಷ್ಟವಾಗದಿರಲೆಂದು ಕೊನೆಗಳಿಗೆಯಲ್ಲಿ ಕೊಯ್ದು ಮಾಂಸ ಮಾಡುವುದು ಇವೆಲ್ಲಕ್ಕಿಂತ ದೊಡ್ಡ ಅಪರಾಧ. ಆಂಥ್ರಾಕ್ಸ್ ಜನರಿಗೆ ತಗಲುವ ಮುಖ್ಯ ಸಂದರ್ಭಗಳಲ್ಲಿ ಅದೂ ಒಂದು.

ಪಶು ಆಸ್ಪತ್ರೆ ಮತ್ತು ಮನುಷ್ಯರ ಆಸ್ಪತ್ರೆ ಬೇರೆ ಬೇರೆ ಇಲಾಖೆಗಳಿಗೆ ಸೇರಿದ್ದು, ಒಂದರ ಮಾಹಿತಿ ಇನ್ನೊಂದಕ್ಕೆ ತಾನಾಗಿ ತಲುಪುವ ದಾರಿ ಇಂದಿಗೂ ಸುಗಮವಾಗಿಲ್ಲ. ಈ ನಡುವಿನ ಕೊಂಡಿ ಸಾಕಣೆದಾರರ ಮನೆಯೇ ಆಗಬೇಕು. ಮಳೆಗಾಲದಲ್ಲಿ ಆಡು ಜ್ವರ ಬಂದು ಸತ್ತ ಅಥವಾ ಕೀವಿನ ಗಡ್ಡೆಗಳಿಂದ ಸೊರಗಿದ ಮನೆಯಲ್ಲಿ ಯಾರಿಗಾದರೂ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಒಂದು ವಾರದಲ್ಲಿ ಇಳಿಯದ ಜ್ವರ ಬಂದರೆ ಅವರು ವೈದ್ಯರ ಬಳಿ ಆಡಿನ ವಿಷಯವನ್ನೂ ಗದ್ದೆಯ ಕೆಲಸದ ವಿಷಯವನ್ನೂ ಕೇಳದಿದ್ದರೂ ಹೇಳಬೇಕು, ರಕ್ತದ ಕಲ್ಚರ್ ಪರೀಕ್ಷೆ ಬೇಕೇ ಎಂದು ವಿಚಾರಿಸಬೇಕು. ಹಟ್ಟಿಗೆ ಬಂದ ಪಶುವೈದ್ಯರಿಗೆ ಮನೆಯಲ್ಲಿ ಜ್ವರದಲ್ಲಿ ಮಲಗಿದವರು ಇದ್ದಾರೆಯೇ ಎಂಬುದನ್ನು ಹಾಗೆಯೇ ತಿಳಿಸಬೇಕು.